ವೈದ್ಯರ ಕೋಣೆಯ ಇಂಗ್ಲಿಷು

ಉದ್ಯೋಗವನ್ನರಸಿ ಊರು ಬಿಟ್ಟು ಬಂದ ಕನ್ನಡಿಗನು ಪರನಾಡಿನಲ್ಲಿ ಭಾಷೆಗಳನ್ನು ಕಲಿಯುವ ಕ್ರಮವೇ ಒಂದು ಕುತೂಹಲದ ವಿಷಯ. ಮುಂಬಯಿಗೆ ಬಂದವನು ತರಕಾರಿಯವನಿಂದ ಮರಾಠಿಯನ್ನೂ ಟ್ಯಾಕ್ಸಿಯವನಿಂದ ಹಿಂದಿಯನ್ನೂ ಆರೇ ತಿಂಗಳಲ್ಲಿ ಸಂಪಾದಿಸಿಕೊಳ್ಳುತ್ತಾನೆ. ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು ಹೀಗೆಯೇ ಬಂದುಬಿಡುತ್ತವೆ. ಕಚೇರಿಯ ಇಂಗ್ಲಿಷು ಸಂಬಳದ ಜತೆಗೇ ಬರುತ್ತದೆ. ಇವೆಲ್ಲವುಗಳಿಂದ ಬೇರೆಯಾದ ಮತ್ತೊಂದು ಇಂಗ್ಲಿಷು ಉಂಟು. ಅದೇ ವೈದ್ಯರ ಕೋಣೆಯ ಇಂಗ್ಲಿಷು. ಅದನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ. ಕಾಯಿಲೆ ಬಿದ್ದ ದಿನವೇ ಅದು ಬೇಕಾಗುತ್ತದೆ. ಅಂದು ಕಲಿಯಲು ವ್ಯವಧಾನವಿರುವುದಿಲ್ಲ. ಊರಿನಿಂದ ಮಗನ ಮನೆಗೆ ಬಂದ ತಾಯಂದಿರಿಗೂ ಮದುವೆಯಾಗಿ ಬಂದ ಹೊಸ ಸೊಸೆಯಂದಿರಿಗೂ ಮಾತ್ರವಲ್ಲ, ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಲೆಕ್ಕ ಬರೆದ ಗುಮಾಸ್ತರಿಗೂ ಈ ಭಾಷೆ ಹೊಸತೇ. ಅದರ ಮೊದಲ ಪಾಠಗಳನ್ನು ಆರೋಗ್ಯವಾಗಿರುವಾಗಲೇ ಓದಿಕೊಳ್ಳಲೆಂದು ಈ ಲೇಖನ.

ಈ ಭಾಷೆಯ ಮೊದಲ ತೊಡಕೆಂದರೆ, ಅದರ ಪದಗಳು ಪರಿಚಿತರ ವೇಷದಲ್ಲಿ ಬರುತ್ತವೆ. "ವಾಟ್ ಈಸ್ ಯುವರ್ ಕಂಪ್ಲೇಂಟ್?" ಎಂದು ವೈದ್ಯರು ಕೇಳುತ್ತಾರೆ. ಕಂಪ್ಲೇಂಟ್ ಎಂದರೆ ದೂರು ಎಂದು ತಿಳಿದ ಸಜ್ಜನರು, "ನೋ ಕಂಪ್ಲೇಂಟ್, ಸಾರ್" ಎಂದು ಕೈಮುಗಿಯುತ್ತಾರೆ. ವೈದ್ಯರು ಕೇಳಿದ್ದು ಏನು ತೊಂದರೆ ಎಂದು. ಹಿಸ್ಟರಿ ಎಂದರೆ ಇಲ್ಲಿ ಇತಿಹಾಸವಲ್ಲ, ಹಿಂದಿನ ಕಾಯಿಲೆಗಳ ವಿವರ. ಸ್ಟೂಲ್ ಎಂದರೆ ಕೂರುವ ಮಣೆಯಲ್ಲ, ಮಲ. ಕಲ್ಚರ್ ಎಂದರೆ ಸಂಸ್ಕೃತಿಯಲ್ಲ. ಮೂತ್ರ, ಕಫ ಇತ್ಯಾದಿಗಳಲ್ಲಿರುವ ರೋಗಾಣುಗಳನ್ನು ಬೆಳೆಸಿ ನೋಡುವ ಪರೀಕ್ಷೆ. ಟೆಂಡರ್ ಎಂದರೆ ಎಳನೀರಿನಂತೆ ಎಳೆಯದೆಂದಲ್ಲ, ಒತ್ತಿದರೆ ನೋಯುವುದು. ಆಪರೇಷನ್ ಥಿಯೇಟರ್ ಎಂಬ ಹೆಸರಿನಲ್ಲಂತೂ ನಿಜವಾಗಿಯೂ ನಾಟಕಶಾಲೆಯ ನೆನಪಿದೆ. ಹಿಂದೆ ವಿದ್ಯಾರ್ಥಿಗಳು ಮೆಟ್ಟಿಲು ಮೆಟ್ಟಿಲಾದ ಸಾಲುಗಳಲ್ಲಿ ನಿಂತು ಶಸ್ತ್ರಚಿಕಿತ್ಸೆಯನ್ನು ವೀಕ್ಷಿಸುತ್ತಿದ್ದರು. 1822ರ ಅಂಥ ಒಂದು ಕೊಠಡಿ ಲಂಡನ್ನಿನಲ್ಲಿ ಇಂದಿಗೂ ವಸ್ತುಸಂಗ್ರಹಾಲಯವಾಗಿ ಉಳಿದಿದೆ.

ಇನ್ನು ವರದಿಗಳ ಭಾಷೆ. ಪಾಸಿಟಿವ್ ಎಂಬ ಪದವನ್ನು ಕಂಡು ಹಿಗ್ಗಬಾರದು, ನೆಗೆಟಿವ್ ಎಂಬುದನ್ನು ಕಂಡು ಕುಗ್ಗಬಾರದು. ಹುಡುಕಿದ್ದು ಸಿಕ್ಕಿತು ಎಂಬುದು ಮೊದಲನೆಯದರ ಅರ್ಥ, ಸಿಗಲಿಲ್ಲ ಎಂಬುದು ಎರಡನೆಯದರ ಅರ್ಥ. ಕ್ಷಯದ ಪರೀಕ್ಷೆಯಲ್ಲಿ ನೆಗೆಟಿವ್ ಶುಭವಾರ್ತೆ. ಮಗುವಿಗಾಗಿ ಹಂಬಲಿಸುವವರ ಗರ್ಭಪರೀಕ್ಷೆಯಲ್ಲಿ ಅದೇ ಪದ ಕಣ್ಣೀರು ತರಿಸುತ್ತದೆ. ಕ್ಷ-ಕಿರಣದ ವರದಿಯಲ್ಲಿ ಅನ್‌ರಿಮಾರ್ಕಬಲ್ ಎಂದಿದ್ದರೆ ವೈದ್ಯರು ಉದಾಸೀನ ಮಾಡಿದರೆಂದಲ್ಲ, ಹೇಳಿಕೊಳ್ಳುವಂಥ ದೋಷವೇನೂ ಕಾಣಲಿಲ್ಲವೆಂದು. ರೋಗದ ಹೆಸರಿನ ಮುಂದೆ ಪ್ರಶ್ನೆಯ ಚಿಹ್ನೆ ಇದ್ದರೆ ಅದು ಇನ್ನೂ ಅನುಮಾನ ಮಾತ್ರ. ಅಕ್ಯೂಟ್ ಎಂದರೆ ಘೋರವಾದದ್ದೆಂದೂ ಕ್ರಾನಿಕ್ ಎಂದರೆ ಅದಕ್ಕಿಂತಲೂ ಘೋರವೆಂದೂ ನಂಬಿರುವವರು ಬಹಳ ಮಂದಿ. ವಾಸ್ತವದಲ್ಲಿ ಈ ಎರಡು ಪದಗಳು ಕಾಲವನ್ನು ಹೇಳುತ್ತವೆ. ತಟ್ಟನೆ ಬಂದದ್ದು ಅಕ್ಯೂಟ್. ನಿನ್ನೆ ಹಿಡಿದ ನೆಗಡಿಯೂ ಅಕ್ಯೂಟೇ. ಬಹುಕಾಲ ಜತೆಗಿರುವುದು ಕ್ರಾನಿಕ್. ಗ್ರೀಕರ ಭಾಷೆಯಲ್ಲಿ ಕ್ರೋನೋಸ್ ಎಂದರೆ ಕಾಲ. ಸಕ್ಕರೆ ಕಾಯಿಲೆ ಕ್ರಾನಿಕ್ ಆದ್ದರಿಂದಲೇ ಎದೆಗುಂದಬೇಕಾಗಿಲ್ಲ.

ರಕ್ತಪರೀಕ್ಷೆಗೆ "ಫಾಸ್ಟಿಂಗ್‌ನಲ್ಲಿ ಬನ್ನಿ" ಎಂದರೆ ಏಕಾದಶಿಯ ಉಪವಾಸದಲ್ಲಿ ಬನ್ನಿ ಎಂದಲ್ಲ. ಸಾಬೂದಾನದ ಖಿಚಡಿ, ಬಾಳೆಹಣ್ಣು, ಒಂದು ಲೋಟ ಕಾಫಿ, ಇವು ನಮ್ಮ ವ್ರತಕ್ಕೆ ಸಲ್ಲಬಹುದು. ಸಕ್ಕರೆಯ ಪರೀಕ್ಷೆಗೆ ಸಲ್ಲವು. ಕನಿಷ್ಠ 8 ಗಂಟೆಗಳ ಕಾಲ ನೀರನ್ನುಳಿದು ಬೇರೇನನ್ನೂ ಸೇವಿಸದಿರುವುದೇ ಆ ಫಾಸ್ಟಿಂಗ್. ಪಿ.ಪಿ. ಎಂಬುದು ಊಟದ ನಂತರದ ಪರೀಕ್ಷೆ. ಊಟ ಆರಂಭಿಸಿದ ಹೊತ್ತಿನಿಂದ 2 ಗಂಟೆಯನ್ನು ಎಣಿಸಬೇಕು.

ಅವರ ಪದಗಳು ನಮಗೆ ತಿಳಿಯದಿರುವುದು ಒಂದು ಕಷ್ಟ. ನಮ್ಮ ಪದಗಳನ್ನು ಅವರಿಗೆ ತಿಳಿಸುವುದು ಅದಕ್ಕಿಂತ ದೊಡ್ಡ ಕಷ್ಟ. ಕನ್ನಡದಲ್ಲಿ ದೇಹದ ಬಾಧೆಗಳಿಗೆ ಇರುವ ಮಾತುಗಳ ಸಂಪತ್ತು ಸಾಮಾನ್ಯವಾದುದಲ್ಲ. ಸೆಳೆತ, ಚಳಕು, ಜೋಮು, ಉರಿ, ಹಿಂಡು, ಕಿವುಚು, ಸಂಕಟ, ಮರಗಟ್ಟು ಎಂದು ಒಂದೊಂದು ಬಾಧೆಗೆ ಒಂದೊಂದು ಮಾತಿದೆ. ಇಷ್ಟೆಲ್ಲ ಇರುವವರು ಇಂಗ್ಲಿಷಿಗೆ ಇಳಿದೊಡನೆ "ಪೇಯ್ನ್, ಡಾಕ್ಟರ್" ಎಂಬ ಒಂದೇ ಮಾತಿಗೆ ಬಂದು ನಿಲ್ಲುತ್ತೇವೆ. ನೋವಿನ ಬಗೆ ಯಾವುದೆಂಬುದೇ ಅನೇಕ ವೇಳೆ ರೋಗವನ್ನು ತೋರಿಸಿಕೊಡುವ ಬೆರಳು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಎಂಬ ವಿದ್ವಾಂಸರು ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು ವರ್ಗೀಕರಿಸಿ 1975ರಲ್ಲಿ ಒಂದು ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ನಮಗೆ ಎಪ್ಪತ್ತೆಂಟೂ ಬೇಡ, ಆರು ಸಾಕು. ಉರಿ ಬರ್ನಿಂಗ್, ಚುಚ್ಚಿದಂತಿರುವುದು ಪ್ರಿಕಿಂಗ್, ಹಿಂಡಿದಂತೆ, ಕಲ್ಲು ಹೇರಿದಂತೆ ಇರುವುದು ಪ್ರೆಸ್ಸಿಂಗ್, ಸ್ನಾಯು ಹಿಡಿದುಕೊಳ್ಳುವುದು ಕ್ರ್ಯಾಂಪ್, ನಾಡಿಯಂತೆ ಮಿಡಿಯುವುದು ಥ್ರಾಬಿಂಗ್, ಜೋಮು ಹಿಡಿಯುವುದು ಟಿಂಗ್ಲಿಂಗ್. ಸ್ಪರ್ಶವೇ ತಿಳಿಯದಂತೆ ಮರಗಟ್ಟಿದ್ದರೆ ಅದು ನಂಬ್‌ನೆಸ್. ಇದು ನೋವಲ್ಲದಿದ್ದರೂ ಮರೆಯದೆ ಹೇಳಬೇಕಾದದ್ದು.

ನೇರವಾಗಿ ಅನುವಾದಿಸಿದರೆ ಕೆಡುವ ಮಾತುಗಳು ಕೆಲವುಂಟು. "ಹೊಟ್ಟೆ ಉರಿ"ಯನ್ನು ಇಂಗ್ಲಿಷಿಗೆ ಹೇಗೋ ತರಬಹುದು. ಅದಕ್ಕೆ ಅಸೂಯೆಯೆಂಬ ಇನ್ನೊಂದು ಅರ್ಥವಿರುವುದು ಪುಣ್ಯಕ್ಕೆ ಆ ವೈದ್ಯರಿಗೆ ತಿಳಿದಿರುವುದಿಲ್ಲ. "ಉಷ್ಣವಾಗಿದೆ" ಎಂಬುದನ್ನು "ಹೀಟ್" ಎಂದರೆ ದೆಹಲಿಯ ವೈದ್ಯರು ಜ್ವರವೆಂದು ಭಾವಿಸಿಯಾರು. ಉಷ್ಣವೆಂದು ನಾವು ಕರೆಯುವುದು ಬಾಯಿಹುಣ್ಣನ್ನೋ, ಉರಿಮೂತ್ರವನ್ನೋ, ಕಣ್ಣುರಿಯನ್ನೋ ಎಂಬುದನ್ನು ಬಿಡಿಸಿ ಹೇಳಬೇಕು. ಮರಾಠಿಯಲ್ಲಿ ತಾಪ ಎಂದರೆ ಜ್ವರವೇ ಆದ್ದರಿಂದ ಮುಂಬಯಿ-ಪುಣೆಗಳಲ್ಲಿ ಈ ಗೊಂದಲಕ್ಕೆ ಇನ್ನಷ್ಟು ಅವಕಾಶವಿದೆ. "ತಲೆ ಸುತ್ತು" ಎಂಬುದರಲ್ಲಿಯೂ ಎರಡು ಬಗೆ. ಕೋಣೆಯೇ ಗಿರ್ರನೆ ತಿರುಗಿದಂತಾಗುವುದು ಒಂದು. ಎದ್ದು ನಿಂತೊಡನೆ ಕಣ್ಣಿಗೆ ಕತ್ತಲೆ ಕಟ್ಟಿದಂತಾಗುವುದು ಇನ್ನೊಂದು. ಮೊದಲನೆಯದರಲ್ಲಿ ವೈದ್ಯರು ಕಿವಿಯ ಒಳಭಾಗವನ್ನು ಸಂಶಯಿಸಬಹುದು, ಎರಡನೆಯದರಲ್ಲಿ ರಕ್ತದೊತ್ತಡವನ್ನು. "ಗಿಡ್ಡಿನೆಸ್" ಎಂದಷ್ಟೇ ಹೇಳಿ ಸುಮ್ಮನಾದರೆ ಅವರಿಗೆ ದಾರಿ ಸಿಗದು.

ಆದರೆ ಎಲ್ಲಕ್ಕಿಂತ ಅಪಾಯಕರವಾದ ಪದವೆಂದರೆ, ನನ್ನ ಅಭಿಪ್ರಾಯದಲ್ಲಿ, "ಗ್ಯಾಸ್ಟ್ರಿಕ್". ಜಠರಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ ಈ ಬಡ ವಿಶೇಷಣವನ್ನು ನಾವು ಒಂದು ರೋಗವನ್ನಾಗಿ ಮಾಡಿ ಮನೆಯಲ್ಲಿ ಕೂರಿಸಿದ್ದೇವೆ. ಎದೆ ಹಿಡಿದುಕೊಂಡರೂ ಗ್ಯಾಸ್ಟ್ರಿಕ್, ಬೆನ್ನು ನೊಂದರೂ ಗ್ಯಾಸ್ಟ್ರಿಕ್. ಎದೆಯ ನಡುವೆ ಭಾರ ಹೇರಿದಂತಾಗಿ, ನೋವು ಎಡದೋಳಿಗೋ ದವಡೆಗೋ ಬೆನ್ನಿಗೋ ಹರಡಿ, ತಣ್ಣನೆ ಬೆವರು ಬಂದಾಗ ಜೀರಿಗೆಯ ಕಷಾಯ ಮಾಡುತ್ತ ಕೂರುವುದು ಹೃದಯಾಘಾತಕ್ಕೆ ಹೊತ್ತು ಕೊಟ್ಟಂತೆ. ಸಕ್ಕರೆ ಕಾಯಿಲೆಯವರಲ್ಲಿಯೂ ಸ್ತ್ರೀಯರಲ್ಲಿಯೂ ವೃದ್ಧರಲ್ಲಿಯೂ ನೋವೇ ಇಲ್ಲದೆ ಬರಿಯ ಸಂಕಟ, ಉಬ್ಬಸ, ಸುಸ್ತು ಮಾತ್ರ ಕಾಣಿಸಿಕೊಳ್ಳುವುದುಂಟು. ಆಸ್ಪತ್ರೆಯ ಬಾಗಿಲಲ್ಲಿ "ಗ್ಯಾಸ್ಟ್ರಿಕ್ ಪ್ರಾಬ್ಲಮ್" ಎಂದು ರೋಗನಿರ್ಣಯವನ್ನು ನಾವೇ ಮಾಡಿಕೊಟ್ಟರೆ ಸರದಿಯ ಕೊನೆಯಲ್ಲಿ ಕೂರಿಸಿಯಾರು. "ಚೆಸ್ಟ್ ಪೇಯ್ನ್, ಸ್ವೆಟಿಂಗ್" ಎಂಬ ಮೂರೇ ಮಾತುಗಳು ಸಾಕು. ಒಳಗಿನಿಂದ ಗಾಲಿಕುರ್ಚಿ ಬರುತ್ತದೆ.

ಇನ್ನೊಂದು ತೊಡಕು ಪದಗಳದ್ದಲ್ಲ, ವ್ಯಾಕರಣದ್ದು. ಹೌದು-ಇಲ್ಲಗಳ ವಿಷಯದಲ್ಲಿ ಕನ್ನಡವೂ ಇಂಗ್ಲಿಷೂ ಎದುರುಬದುರು ನಿಲ್ಲುವ ಒಂದು ಸ್ಥಾನವಿದೆ. "ನಿಮಗೆ ಯಾವ ಔಷಧಿಯೂ ಒಗ್ಗದೆ ಇರುವುದಿಲ್ಲವಷ್ಟೆ?" ಎಂದು ಕನ್ನಡದಲ್ಲಿ ಕೇಳಿದರೆ, ಅಂಥದೇನೂ ಇಲ್ಲದವರು "ಹೌದು, ಇಲ್ಲ" ಎನ್ನುತ್ತಾರೆ. ಕೇಳಿದವರ ಮಾತು ನಿಜವೆಂಬುದಕ್ಕೆ ಆ "ಹೌದು". ಅದೇ ಪ್ರಶ್ನೆಯನ್ನು "ನೋ ಅಲರ್ಜಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಾಗ, ನಮ್ಮವರು ಅದೇ ಅಭ್ಯಾಸದಿಂದ "ಯೆಸ್" ಎನ್ನುತ್ತಾರೆ. ಇಂಗ್ಲಿಷಿನ ಪ್ರಕಾರ ಅದು ಅಲರ್ಜಿ ಇದೆ ಎಂದಾಗಬಹುದು. ಆತುರದಲ್ಲಿರುವ ವೈದ್ಯರು ಇಲ್ಲವೆಂದೂ ಬರೆದುಕೊಳ್ಳಬಹುದು. ಪೆನಿಸಿಲಿನ್ ಒಗ್ಗದವರ ವಿಷಯದಲ್ಲಿ ಈ ಒಂದು ಅಕ್ಷರದ ವ್ಯತ್ಯಾಸ ಪ್ರಾಣದ ವ್ಯತ್ಯಾಸ. ಆದ್ದರಿಂದ ಈ ಪ್ರಶ್ನೆಗೆ ಯೆಸ್, ನೋ ಎನ್ನಲೇಬಾರದು. "ಐ ಹ್ಯಾವ್ ಅಲರ್ಜಿ ಟು ಪೆನಿಸಿಲಿನ್" ಅಥವಾ "ಐ ಹ್ಯಾವ್ ನೋ ಅಲರ್ಜಿ" ಎಂದು ಪೂರ್ಣವಾಕ್ಯದಲ್ಲಿ ಹೇಳಬೇಕು. ನಮ್ಮ "ಪರವಾಗಿಲ್ಲ"ವೂ ಇಂಥದೇ. ಅದು ಸೌಜನ್ಯದ ಮಾತು. ನೋವು ಹಾಗೆಯೇ ಇದ್ದರೂ ವೈದ್ಯರ ಮನಸ್ಸು ನೋಯದಿರಲೆಂದು ಹೇಳುತ್ತೇವೆ. ಅದನ್ನು "ಓಕೆ" ಎಂದು ತರ್ಜುಮೆ ಮಾಡಿದೊಡನೆ ಗುಣವಾಯಿತೆಂದು ದಾಖಲಾಗುತ್ತದೆ.

ಪರನಾಡಿನ ಮನೆಗಳಲ್ಲಿ ಈ ಕೆಲಸಕ್ಕೆ ದುಭಾಷಿಯಾಗಿ ಹೋಗುವವರು ಸಾಮಾನ್ಯವಾಗಿ ಮೊಮ್ಮಕ್ಕಳು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹನ್ನೆರಡು ವರ್ಷದ ಹುಡುಗ ಅಜ್ಜಿಯ ಕೈಹಿಡಿದು ಆಸ್ಪತ್ರೆಗೆ ಹೋಗುವ ದೃಶ್ಯ ಮನೋಹರವಾದುದೇ. ಆದರೆ ಆ ಹುಡುಗನಿಗೆ "ಮುಟ್ಟು" ಎಂಬ ಕನ್ನಡ ಪದದ ಅರ್ಥ ತಿಳಿಯದು, ತಿಳಿದರೂ ಅಜ್ಜಿ ಅವನೆದುರು ಆ ಮಾತನ್ನು ಎತ್ತಳು. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಾಣಿಸಿಕೊಂಡರೆ ಅದು ಗರ್ಭಕೋಶದ ಅರ್ಬುದದ ಮೊದಲ ಸೂಚನೆಯಾಗಿರಬಹುದು. ಬೇಗ ತೋರಿಸಿದರೆ ಗುಣಪಡಿಸಲು ಸಾಧ್ಯವಿರುವಂಥದು. ಅಜ್ಜಿ ಮೊಮ್ಮಗನ ಮೂಲಕ ಹೇಳಿಸುವುದು ಮಾತ್ರ "ಸೊಂಟನೋವು, ಸುಸ್ತು" ಎಂದು. ಇಂಥ ಮಾತಿಗೆ ಮಗಳೋ ಸೊಸೆಯೋ ನೆರೆಮನೆಯ ಕನ್ನಡದ ಹೆಂಗಸೋ ಜತೆಗಿರಬೇಕು. ಅದೂ ಇಲ್ಲದಿದ್ದಲ್ಲಿ "ಬ್ಲೀಡಿಂಗ್ ಆಫ್ಟರ್ ಮೆನೋಪಾಸ್" ಎಂದು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕು. ಸ್ತ್ರೀಯರ ದೇಹಕ್ಕೆ ಸಂಬಂಧಿಸಿದ ವಿಷಯಗಳನ್ನು ಕನ್ನಡದಲ್ಲಿ ಸಂಕೋಚವಿಲ್ಲದೆ, ಸಭ್ಯವಾಗಿ ಹೇಳಬಹುದೆಂಬುದನ್ನು ಡಾ. ಅನುಪಮಾ ನಿರಂಜನ ಅವರು "ಕೇಳು ಕಿಶೋರಿ", "ತಾಯಿ-ಮಗು" ಮುಂತಾದ ಪುಸ್ತಕಗಳಲ್ಲಿ ತೋರಿಸಿಕೊಟ್ಟರು. ಅಂಥ ಪುಸ್ತಕವೊಂದು ಮನೆಯಲ್ಲಿದ್ದರೆ ಕನ್ನಡದ ಪದವಾದರೂ ಮೊದಲು ಕೈಗೆ ಸಿಗುತ್ತದೆ.

ದುಭಾಷಿಯಿಲ್ಲದೆ ಒಂದೇ ಪದವನ್ನು ನಂಬಿ ಕೆಟ್ಟ ಪ್ರಸಂಗವೊಂದು ವೈದ್ಯಕೀಯ ಬರಹಗಳಲ್ಲಿ ಪ್ರಸಿದ್ಧವಾಗಿದೆ. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹದಿನೆಂಟು ವರ್ಷದ ತರುಣನೊಬ್ಬ ಪ್ರಜ್ಞೆತಪ್ಪಿ ಆಸ್ಪತ್ರೆ ಸೇರಿದನು. ಸ್ಪ್ಯಾನಿಷ್ ಮಾತನಾಡುವ ಆತನ ಮನೆಯವರು "ಇಂತೋಕ್ಸಿಕಾದೋ" ಎಂದರು. ತಿಂದದ್ದು ಏನೋ ವಿಷವಾಗಿದೆ ಎಂಬುದು ಅವರ ಭಾವ. ಆಸ್ಪತ್ರೆಯವರ ಕಿವಿಗೆ ಅದು ಇಂಗ್ಲಿಷಿನ "ಇಂಟಾಕ್ಸಿಕೇಟೆಡ್" ಆಗಿ, ಮಾದಕವಸ್ತುವಿನ ಅತಿಸೇವನೆಯೆಂದು ಚಿಕಿತ್ಸೆ ನಡೆಯಿತು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತೆಂಬುದು ತಿಳಿಯುವ ವೇಳೆಗೆ ಎರಡು ದಿನಗಳು ಕಳೆದಿದ್ದುವು. ತರುಣನ ಕೈಕಾಲು ನಾಲ್ಕೂ ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಮುಂದೆ ಕೋಟ್ಯಂತರ ಡಾಲರುಗಳ ಪರಿಹಾರವನ್ನು ತೆರಬೇಕಾಗಿ ಬಂತು.

ಮಾತು ಮುಗಿದು ಔಷಧದ ಚೀಟಿ ಕೈಗೆ ಬಂತೆನ್ನೋಣ. ಇಲ್ಲಿ ಇಂಗ್ಲಿಷೂ ಹಿಂದೆ ಸರಿದು ಲ್ಯಾಟಿನ್ ಕುಳಿತುಕೊಳ್ಳುತ್ತದೆ. ಮೇಲೆ ಕಾಲಿಗೆ ಅಡ್ಡಗೆರೆಯೆಳೆದ ಆರ್ ಅಕ್ಷರ "ರೆಸಿಪೆ" ಎಂಬುದರ ಸಂಕೇತ. "ತೆಗೆದುಕೊ" ಎಂದು ಅರ್ಥ. ಅಡಿಗೆಯ ರೆಸಿಪಿಯೂ ಅದೇ ಮೂಲದ್ದು. ಓ.ಡಿ. ಎಂದರೆ ದಿನಕ್ಕೆ ಒಂದು ಸಲ, ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಮೂರು ಸಲ, ಕ್ಯು.ಐ.ಡಿ. ನಾಲ್ಕು ಸಲ. ಎಚ್.ಎಸ್. ಮಲಗುವ ಹೊತ್ತಿಗೆ. ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟದ ನಂತರ. ಎಸ್.ಓ.ಎಸ್. ಎಂಬುದನ್ನು ಕಂಡು ಮುಳುಗುವ ಹಡಗನ್ನು ನೆನೆದು ಗಾಬರಿಯಾಗುವವರಿದ್ದಾರೆ. ಬೇಕೆನಿಸಿದಾಗ ಮಾತ್ರ ಎಂಬುದಷ್ಟೇ ಅದರ ಅರ್ಥ, ಬೇಡವಾದರೆ ನುಂಗಬೇಕಾಗಿಲ್ಲ. ನಮ್ಮ ವೈದ್ಯರಲ್ಲಿ ಬಹುಮಂದಿ ಬರೆಯುವ 1-0-1 ಎಂಬ ಪದ್ಧತಿ ಇವೆಲ್ಲಕ್ಕಿಂತ ಉತ್ತಮ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದು ಅಕ್ಷರ ಬಾರದವರಿಗೂ ತಿಳಿಯುತ್ತದೆ. ಔಷಧಿಯ ಮೂಲನಾಮವನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಮಾಡಿತು. ಆದ್ದರಿಂದ "ಕ್ಯಾಪಿಟಲ್ ಲೆಟರ್ಸ್, ಪ್ಲೀಸ್, ಡಾಕ್ಟರ್" ಎಂದು ಕೇಳುವುದು ಅವಿನಯವಲ್ಲ.

ಡೈಲಿ, ವೀಕ್ಲಿ ಎಂಬ ಎರಡು ಪದಗಳ ಅಂತರವನ್ನು ಮನೆಯ ಎಲ್ಲರೂ ಅರಿತಿರಬೇಕು. ಕೀಲುವಾತಕ್ಕೂ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೂ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ತಪ್ಪಿ ದಿನವೂ ನುಂಗಿದರೆ ಮೂಳೆಯೊಳಗಿನ ಮಜ್ಜೆ ರಕ್ತಕಣಗಳನ್ನು ತಯಾರಿಸುವುದನ್ನೇ ನಿಲ್ಲಿಸಿಬಿಡಬಹುದು, ಹೀಗೆ ಸತ್ತವರಿದ್ದಾರೆ. ವಾರದ ಹೆಸರನ್ನೇ ಚೀಟಿಯ ಮೇಲೆ ಬರೆಸಿಕೊಳ್ಳಬೇಕು, "ಮಂಡೇ" ಎಂದೋ "ಗುರುವಾರ" ಎಂದೋ. ಆಲ್ಟರ್ನೇಟ್ ಡೇ ಎಂದರೆ ನಮ್ಮ ದಿನ ಬಿಟ್ಟು ದಿನ. ಅಟ್ ಒನ್ಸ್ ಎಂದರೆ ಒಂದು ಸಲ ಎಂದಲ್ಲ, ತಕ್ಷಣ ಎಂದು. ಟೇಪರ್ ಎಂದರೆ ಮೆಲ್ಲಮೆಲ್ಲನೆ ಇಳಿಸುತ್ತ ಬರುವುದು. ಸ್ಟೀರಾಯ್ಡ್ ಮಾತ್ರೆಗಳನ್ನು ಬಹುದಿನ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸಬಾರದೆಂದು ಈ ಪದವನ್ನು ಬರೆದಿರುತ್ತಾರೆ. ಎಸ್.ಆರ್. ಅಥವಾ ಎಕ್ಸ್.ಆರ್. ಎಂದಿರುವ ಮಾತ್ರೆ ದೇಹದಲ್ಲಿ ನಿಧಾನವಾಗಿ ಕರಗಲೆಂದು ಮಾಡಿದ್ದು. ಅಜ್ಜನಿಗೆ ನುಂಗಲಾಗದೆಂದು ಅದನ್ನು ಕುಟ್ಟಿ ಜೇನಿನಲ್ಲಿ ಕಲಸಿಕೊಟ್ಟರೆ ಇಡೀ ದಿನದ ಔಷಧಿ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ. ಮಕ್ಕಳ ಔಷಧಿಯಲ್ಲಿ ಟೀಸ್ಪೂನ್ ಎಂದರೆ 5 ಮಿಲಿಲೀಟರು, ಟೇಬಲ್ ಸ್ಪೂನ್ ಎಂದರೆ 15. ನಮ್ಮ ಅಡಿಗೆಮನೆಯ ಚಮಚಗಳಿಗೆ ಈ ಲೆಕ್ಕ ತಿಳಿಯದು. ಸೀಸೆಯ ಜತೆಗೆ ಬರುವ ಗೆರೆಯಿರುವ ಮುಚ್ಚಳವನ್ನೇ ಬಳಸಬೇಕು.

ಹೈಪರ್, ಹೈಪೋ. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಂದು ಅರ್ಥ. ಕಿವಿಗೆ ಇಷ್ಟು ಹತ್ತಿರವಾಗಿದ್ದು ಅರ್ಥದಲ್ಲಿ ಇಷ್ಟು ದೂರವಾದ ಜೋಡಿ ಇನ್ನೊಂದಿಲ್ಲ. ಆದರೆ ನಾವು ಮನೆಯಲ್ಲಿ ಆಡುವ "ಅವರಿಗೆ ಬಿ.ಪಿ. ಇದೆ", "ಶುಗರ್ ಆಯಿತು" ಎಂಬ ಮಾತುಗಳಲ್ಲಿ ಹೆಚ್ಚೋ ಕಡಿಮೆಯೋ ಎಂಬುದೇ ಇಲ್ಲ. ಬಿ.ಪಿ. ಬದುಕಿರುವವರಿಗೆಲ್ಲ ಇದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಸಿಕೊಂಡು ಊಟ ತಪ್ಪಿಸಿ, ಬೆವತು, ಕೈನಡುಗಿ, ಮಾತು ತೊದಲಿದರೆ ಅದು ಸಾಮಾನ್ಯವಾಗಿ ಹೈಪೋ; ಎಚ್ಚರವಿದ್ದು ನುಂಗಬಲ್ಲವರಾದರೆ ತಕ್ಷಣ ಸಕ್ಕರೆ ನೀರು ಕುಡಿಸಬೇಕು. "ಶುಗರ್ ಆಗಿದೆ, ಸಿಹಿ ಕೊಡಬೇಡಿ" ಎಂದು ತಡೆಯುವ ಹಿರಿಯರು ಪ್ರತಿ ಮನೆಯಲ್ಲಿದ್ದಾರೆ. ದೂರವಾಣಿಯಲ್ಲಿ ವೈದ್ಯರಿಗೆ ಹೇಳುವಾಗ "ಲೋ ಶುಗರ್" ಅಥವಾ "ಹೈ ಶುಗರ್" ಎಂದು ಬಿಡಿಸಿ, ಯಂತ್ರ ತೋರಿಸಿದ ಅಂಕಿಯನ್ನೂ ಹೇಳಬೇಕು.

ಉದ್ದ ಪದಗಳಿಗೆ ಹೆದರಬೇಕಾಗಿಲ್ಲ, ಬಾಲ ಹಿಡಿದರೆ ಸಾಕು. ಐಟಿಸ್ ಎಂದು ಮುಗಿದರೆ ಉರಿಯೂತ, ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು, ಸ್ಕೋಪಿ ಎಂದರೆ ಒಳಗೆ ಇಣಿಕಿ ನೋಡುವುದು. ಕೆಲವು ಪದಗಳ ಹುಟ್ಟು ಸ್ವಾರಸ್ಯವಾಗಿದೆ. ವ್ಯಾಕ್ಸಿನ್ ಎಂಬುದು ಲ್ಯಾಟಿನ್ನಿನ ಹಸುವಿನಿಂದ ಬಂತು, ಜೆನ್ನರನು 1796ರಲ್ಲಿ ಹಸುವಿನ ಸಿಡುಬಿನಿಂದ ಅದನ್ನು ಸಾಧಿಸಿದ್ದರಿಂದ. ಭಾರತದಲ್ಲಿ ಮೊದಲು ಅದನ್ನು ಹಾಕಿದ್ದು ನಮ್ಮ ಮುಂಬಯಿಯಲ್ಲಿಯೇ, 1802ರ ಜೂನ್ 14ರಂದು, ಮೂರು ವರ್ಷದ ಒಂದು ಹೆಣ್ಣುಮಗುವಿಗೆ.

ಅಂಗಡಿಯ ಹೆಸರು ಬೇರೆ, ಔಷಧಿಯ ಹೆಸರು ಬೇರೆ ಎಂಬುದನ್ನೂ ಹೇಳಿಬಿಡುತ್ತೇನೆ. ಕ್ರೋಸಿನ್, ಕ್ಯಾಲ್‌ಪಾಲ್, ಡೋಲೊ, ಮೂರರಲ್ಲಿಯೂ ಇರುವುದು ಪ್ಯಾರಾಸಿಟಮಾಲ್. ನೆಗಡಿಯ ಮಾತ್ರೆಗಳಲ್ಲಿಯೂ ಅನೇಕ ವೇಳೆ ಅದೇ. ಅಮೆರಿಕದಲ್ಲಿರುವ ಮಗನು ಕಳಿಸಿದ ಸೀಸೆಯ ಮೇಲೆ ಅಸಿಟಮಿನೋಫೆನ್ ಎಂದಿದ್ದರೆ ಅದೂ ಇದೇ. ಆರೋಗ್ಯವಂತ ವಯಸ್ಕರು ದಿನವೊಂದಕ್ಕೆ 4 ಗ್ರಾಮನ್ನು ಮೀರಬಾರದು. ಮೀರಿದರೆ ಯಕೃತ್ತು ಕೆಡುತ್ತದೆ. 650 ಮಿಲಿಗ್ರಾಮಿನ ಮಾತ್ರೆ ಆರಾದರೆ ಹೆಚ್ಚುಕಡಿಮೆ ಅಲ್ಲಿಗೆ ಮುಟ್ಟಿತು. ಮೂರು ಬಣ್ಣದ ಮೂರು ಮಾತ್ರೆಗಳನ್ನು ಮೂರು ಔಷಧಿಗಳೆಂದು ನುಂಗುವವರು ಪಟ್ಟಿಯ ಹಿಂಬದಿಯ ಸಣ್ಣಕ್ಷರಗಳನ್ನು ಒಮ್ಮೆ ಓದಲಿ. ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಚೀಟಿಯಿಲ್ಲದೆ ಕೊಳ್ಳಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯವು 2016ರಿಂದ ಪ್ರಚಾರ ಮಾಡಿದೆ. ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ ಎಂದಿದ್ದರೆ ಅದು ಹೊರಗೆ ಹಚ್ಚುವ ಔಷಧಿ, ಕುಡಿಯುವುದಲ್ಲ.

ಕೊನೆಯದಾಗಿ ಒಂದು ಕಾಗದದ ಮಾತು. ಮನೆಯ ಹಿರಿಯರೊಬ್ಬೊಬ್ಬರಿಗೂ ಅಂಗೈಯಗಲದ ಒಂದು ಕಾಗದವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದುಕೊಡಿರಿ. ಹೆಸರು, ವಯಸ್ಸು, ರಕ್ತದ ಗುಂಪು. "ನೋನ್ ಕೇಸ್ ಆಫ್" ಎಂದು ಬರೆದು ಹಳೆಯ ಕಾಯಿಲೆಗಳು. ಸೇವಿಸುತ್ತಿರುವ ಔಷಧಿಗಳ ಮೂಲನಾಮ, ಮಿಲಿಗ್ರಾಮ್, ಹೊತ್ತು. "ಅಲರ್ಜಿ" ಎಂಬ ಸಾಲು, ಏನೂ ಇಲ್ಲದಿದ್ದರೆ ಅಲ್ಲಿ "ನನ್". ಮನೆಯವರ ದೂರವಾಣಿ ಸಂಖ್ಯೆ. ಅದರ ಹಿಂಬದಿಯಲ್ಲಿ ಕನ್ನಡದಲ್ಲಿ 112 ಎಂದು ಬರೆದು, ಕರೆದಾಗ ಹೇಳಬೇಕಾದ ವಿಳಾಸವನ್ನು ಅಲ್ಲಿಯ ಭಾಷೆಯಲ್ಲಿ ಓದಲು ಬರುವಂತೆ ಕನ್ನಡ ಲಿಪಿಯಲ್ಲಿಯೇ ಬರೆಯಿರಿ. ಬಾಯಿ ಸೊಟ್ಟಗಾಗಿ, ಒಂದು ಕೈ ಬಲ ಕಳೆದುಕೊಂಡು, ಮಾತು ತೊದಲಿದರೆ "ಸ್ಟ್ರೋಕ್" ಎಂದು ಹೇಳಿ, ಕೊನೆಯ ಸಲ ಸರಿಯಾಗಿದ್ದ ಗಂಟೆಯನ್ನು ತಿಳಿಸಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗಿನ ಅವಧಿಯೇ ಮುಖ್ಯ. ಕಾಗದದ ಕೊನೆಯ ಸಾಲಿನಲ್ಲಿ "ಸ್ಪೀಕ್ಸ್ ಕನ್ನಡ" ಎಂದು ಬರೆಯುವುದನ್ನು ಮರೆಯಬೇಡಿರಿ. ಅದನ್ನು ಓದಿದವರು ವಾರ್ಡಿನಲ್ಲಿ ವಿಚಾರಿಸಿದರೆ ಮಂಗಳೂರು, ಉಡುಪಿ ಕಡೆಯ ದಾದಿಯೊಬ್ಬಳು ಬಂದು "ಏನಾಯ್ತಮ್ಮಾ?" ಎಂದು ಕೇಳುವುದು ಮುಂಬಯಿಯಲ್ಲಿ ಅಪರೂಪವೇನಲ್ಲ.